ಇಂಡಿಯ ಕಡೆಯ ಬಂಧು

ಹೆಣ್ಣುಮಗಳೊಬ್ಬಳು ಕಾಲೇಜಿಗೆ ಹೊರಡುವಳೆಂದರೆ, ಅವಳ ಟ್ರಂಕಿಗಿಂತ ಮೊದಲು ಅವಳ ಕಿವಿಗಳು ತುಂಬುವುವು. ನಮ್ಮಣ್ಣನು ವ್ಯಾಸಂಗಾರ್ಥವಾಗಿ ಧಾರವಾಡಕ್ಕೆ ಹೊರಟಂದು ಅವ್ವ ಅವನಿಗೆ ಉಪದೇಶಿಸಿದ್ದು ಒಂದೇ ವಾಕ್ಯ: "ಹೊತ್ತಿಗೆ ಸರಿಯಾಗಿ ಉಣ್ಣು." ನನ್ನ ಸರದಿ ಬಂದಾಗಲಾದರೋ, ಮೋಶೆ ಸೀನಾಯಿ ಬೆಟ್ಟದಿಂದ ಇಳಿಸಿ ತಂದ ಹತ್ತು ಕಟ್ಟಳೆಗಳು ಸಾಲವೆಂದು ಬಗೆದು, ಆಕೆ ಅವಕ್ಕೊಂದು ಸ್ವತಂತ್ರ ಅನುಬಂಧವನ್ನೇ ರಚಿಸತೊಡಗಿದಳು. ಸೆರಗಿಗೆ ಒಂದು ಪಿನ್ನು ಸಾಲದು, ಎರಡಿರಬೇಕು. ಸಂಜೆಯ ಜಪಸರ ತಪ್ಪಕೂಡದು. ಹಲ್ಲು ಕಾಣುವಂತೆ ನಗಕೂಡದು. ಪಾಪನಿವೇದನೆಗೆ ವಯೋವೃದ್ಧರಾದ ಗುರುಗಳನ್ನೇ ಅರಸಿ ಹೋಗತಕ್ಕದ್ದು.

ತಂದೆಯವರು ಉಗಾರದ ಸಕ್ಕರೆ ಕಾರ್ಖಾನೆಯಲ್ಲಿ ಗುಮಾಸ್ತರು. ಕಬ್ಬು, ಬಸದಿ, ಮಠಗಳ ಆ ಸೀಮೆಯಲ್ಲಿ ಕ್ಯಾಥೋಲಿಕರ ಮನೆಗಳು ವಿರಳವಾದರೂ ಅವ್ವನ ಸಿದ್ಧಾಂತಗಳಿಗೆ ಸಮರ್ಥಕರ ಕೊರತೆಯಿರಲಿಲ್ಲ. ಕಾಗವಾಡದ ಜೈನರ ಕಾಕು, ಅಥಣಿಯ ಲಿಂಗಾಯತರ ಅತ್ತಿ ಇಬ್ಬರೂ ಬಂದು ಕುಳಿತು ಪ್ರತಿಯೊಂದು ಕಲಮಿಗೂ ಅನುಮೋದನೆಯಿತ್ತರು. ಮೋಕ್ಷಮಾರ್ಗದಲ್ಲಿ ಎಷ್ಟೇ ಭೇದವಿರಲಿ, ಹುಡುಗಿ ಹೇಗೆ ಕೂರಬೇಕೆಂಬಲ್ಲಿ ಸರ್ವಮತಗಳೂ ಒಂದೇ ಎಂಬ ಸತ್ಯ ನನಗೆ ಅಂದೇ ಗೋಚರವಾಯಿತು.

ಅಪೊಸ್ತಲಿಕ ಕಾರ್ಮೆಲ್ ಭಗಿನಿಯರು 1921ರಲ್ಲಿ ಮಂಗಳೂರಿನಲ್ಲಿ ಸ್ಥಾಪಿಸಿದ ಸಂತ ಆಗ್ನೆಸ್ ಕಾಲೇಜನ್ನು ಅವ್ವ ಆರಿಸಿದ್ದು ಆ ಸಂತಳ ಹೆಸರಿನ ಭರವಸೆಯ ಮೇಲೆ. ಪದವಿ ಮುಗಿದೊಡನೆ ನನಗೊಬ್ಬ ವರನನ್ನು ಗೊತ್ತುಮಾಡುವುದು ಅವಳ ಸಂಕಲ್ಪ. ರೋಮಾಪುರಿಯ ಆಗ್ನೆಸಳು ಪ್ರಾಣತೆತ್ತದ್ದೇ ಮದುವೆಯನ್ನು ನಿರಾಕರಿಸಿದ್ದಕ್ಕಾಗಿ ಎಂಬುದನ್ನು ನಾನು ನೆನಪಿಸಲಾಗಿ, "ನೀ ಏನ್ ಸಂತಳೇನು?" ಎಂದು ಬಾಯಿ ಮುಚ್ಚಿಸಿದಳು.

ಹೊರಡುವ ದಿನ ಬಂದಿತು. ರಾಯಬಾಗದ ಮಾರ್ಗವಾಗಿ ರೈಲಿನಲ್ಲಿ ಹೋಗಬಹುದಿತ್ತು. ರೈಲಿನ ಡಬ್ಬಿಯಲ್ಲಿ ಕಂಡಕ್ಟರನಿರುವುದಿಲ್ಲವಾದ ಕಾರಣ ಕನ್ಯೆಗೆ ಬಸ್ಸೇ ಲೇಸೆಂದು ತೀರ್ಮಾನವಾಗಿ, ಚಿಕ್ಕೋಡಿಯನ್ನು ಹಾದು ನಿಪ್ಪಾಣಿಗೆ ಬಂದೆವು. ತಂಬಾಕಿನ ಬೆಳೆಗಾರರು 1981ರಲ್ಲಿ ಹೆದ್ದಾರಿಯ ಮೇಲೆ ಸತ್ಯಾಗ್ರಹ ಹೂಡಿದ್ದ ಊರು. ಮರುವರ್ಷ ಅಲ್ಲಿ ಹೂಡಲ್ಪಟ್ಟದ್ದು ಅವ್ವನ ಸತ್ಯಾಗ್ರಹ. ನಾನು ಬೆಳಗಾವಿಯ ಬಸ್ಸನ್ನೇರಿ ಕುಳಿತೊಡನೆ, ಮನೆಯಲ್ಲಿ ಪಿಸುಮಾತಿನಲ್ಲೂ ಹೇಳಲಾಗದೆ ಉಳಿದಿದ್ದ ವಿಷಯವನ್ನು, ಕಿಟಕಿಯ ಸರಳು ಹಿಡಿದು, ಇಂಜಿನ್ನಿನ ಸದ್ದನ್ನೂ ಮೀರಿದ ಧ್ವನಿಯಲ್ಲಿ ಸಾಂಕೇತಿಕವಾಗಿ ಸಾರಿದಳು:

"ಏನ ಬಂದ್ರೂ ಮರಿಯಾ ಗೊರೆಟ್ಟೀನ ಮರೀಬ್ಯಾಡ! ಜೀವಾ ಕೊಟ್ಟಳು, ಮಾನಾ ಕೊಡಲಿಲ್ಲ!"

ಬಸ್ಸು ನಿಶ್ಶಬ್ದವಾಯಿತು. ಪಕ್ಕದಲ್ಲಿದ್ದ ಮುದುಕಿ ನನ್ನ ಗಲ್ಲ ಹಿಡಿದು, "ಯಾರವ್ವಾ ಆಕಿ? ನಿಮ್ಮಕ್ಕನೇನು?" ಎಂದಳು.

"ಹನ್ನೊಂದ್ ವರ್ಷದ ಕೂಸು ಇದ್ದಳ್ರಿ," ಎಂದು ಹೊರಗಿನಿಂದ ಅವ್ವ.

"ಅಯ್ಯ ಶಿವನ!" ಮುದುಕಿಯ ಕಣ್ಣುಗಳು ತುಂಬಿದವು.

ಮುಂದಿನ ಆಸನದ ಪಟಗಾಧಾರಿಯೊಬ್ಬರು ನ್ಯಾಯಶಾಸ್ತ್ರದ ಕಡೆಗೆ ತಿರುಗಿದರು. "ಕೇಸ್ ಆತೇನ್ರಿ?"

"ಆತ್ರಿ. ಮೂವತ್ ವರ್ಷ ಸಜಾ."

"ಭೇಷ್! ಯಾವ ಕೋರ್ಟು? ಚಿಕ್ಕೋಡಿನೋ ಬೆಳಗಾವಿನೋ?"

"ಇಟಲ್ಯಾಗ್ರಿ."

"ಇಂಡ್ಯಾಗ? ನಮ್ಮ ಬೀಗರು ಅಲ್ಲೇ ಅದಾರ, ಸುದ್ದೀನ ಹೇಳಿಲ್ಲ ನೋಡ್ರಿ!" ಎಂದು ಅವರು ಇಂಡಿ ಊರಿನ ಬೀಗರ ಮೇಲೆ ಮುನಿದರು. ಕಂಡಕ್ಟರನು ಊದಲೆಂದು ಬಾಯಿಗಿಟ್ಟ ಸೀಟಿಯನ್ನು ಗೌರವಾರ್ಥವಾಗಿ ಕೆಳಗಿಳಿಸಿದನು. ಯಾರೋ ಹಿಂದಿನಿಂದ ನನಗೆ ಬಾಳೆಹಣ್ಣು ಕಳಿಸಿಕೊಟ್ಟರು. 1902ರಲ್ಲಿ ಇಟಲಿಯಲ್ಲಿ ಹತಳಾಗಿ, 1950ರಲ್ಲಿ ಜಗದ್ಗುರು ಹನ್ನೆರಡನೆಯ ಪಿಯೂಸರಿಂದ ಸಂತಪದವಿಯನ್ನು ಪಡೆದ ಆ ಬಾಲೆಗೂ ನನಗೂ ರಕ್ತಸಂಬಂಧವಿಲ್ಲವೆಂದು ಸ್ಪಷ್ಟಪಡಿಸುವುದು ನನ್ನ ಧರ್ಮವಾಗಿತ್ತು. ಆದರೆ ಅಂತಹ ಅಚ್ಚುಕಟ್ಟಾದ ಶೋಕವನ್ನು ಭಂಗಪಡಿಸಲು ಮನಸ್ಸೊಪ್ಪದೆ, ತಲೆ ತಗ್ಗಿಸಿ, ಸೋದರೀವಿಯೋಗಕ್ಕೆ ತಕ್ಕ ಮಂದಗತಿಯಲ್ಲಿ ಹಣ್ಣನ್ನು ಸುಲಿದು ತಿಂದೆನು. ಎರಡನೆಯದು ಬಂದಾಗ ಅದನ್ನೂ ನಿರಾಕರಿಸಲಿಲ್ಲ. ದುಃಖ ನಿಜವಾಗಿಯೇ ಉಕ್ಕಿಬರುತ್ತಿತ್ತು.

ಅಷ್ಟರಲ್ಲಿ ಮುದುಕಿ ಸೆರಗಿನಿಂದ ಕಣ್ಣೊರೆಸಿಕೊಂಡು ಕೆಮ್ಮಿದಳು. ತಂಬಾಕಿನ ವಖಾರಿಯಲ್ಲಿ ದುಡಿದವರ ಕೆಮ್ಮು ಅದು. ಕಿಟಕಿಯತ್ತ ಬಾಗಿ ಅವ್ವನನ್ನು ಕೇಳಿದಳು:

"ಅಲ್ಲ ತಂಗಿ, ಈ ಕೂಸಿಗ್ಯಾಕ ಇಷ್ಟ ಬುದ್ಧಿ ಹೇಳ್ತಿ? ಆ ಹುಡುಗಗ ಯಾರೂ ಹೇಳಿರಲಿಲ್ಲೇನು? ನಮ್ಮ ವಖಾರ್ಯಾಗೂ ಹಂಗ. ಹೊಲಸ ಮಾತಾಡಾಂವ ಮುಕಾದಮ. ಸೆರಗ ಹೊಚ್ಕೋರಿ ಅಂತ ಹೇಳಿಸಿಕೊಳ್ಳವ್ರು ನಾವು."

ಕಾಕು, ಅತ್ತಿ, ಗುರುಗಳು, ಸಿಸ್ಟರುಗಳು ಯಾರೊಬ್ಬರೂ ಕೇಳದಿದ್ದ ಪ್ರಶ್ನೆಯದು. ನಮ್ಮ ಮನೆಯ ಗೋಡೆಯ ಮೇಲೆ ಲಿಲಿ ಹೂ ಹಿಡಿದು ನಿಂತ ಗೊರೆಟ್ಟಿಯ ಪಟವನ್ನು ನಾನು ದಿನವೂ ನೋಡಿದ್ದೆನು. ಕೊಂದ ಅಲೆಸ್ಸಾಂದ್ರೊ 27 ವರ್ಷ ಸೆರೆಯಲ್ಲಿದ್ದು ಬಂದು ಆಕೆಯ ತಾಯಿಯ ಕ್ಷಮೆ ಬೇಡಿದ್ದನ್ನೂ, ಆ ಮಹಾತಾಯಿ ಕ್ಷಮಿಸಿದ್ದನ್ನೂ ಜ್ಞಾನೋಪದೇಶದ ತರಗತಿಯಲ್ಲಿ ಒಪ್ಪಿಸಿದ್ದೆನು. ಅವನಿಗೆ ಇಪ್ಪತ್ತು ತುಂಬುವುದರೊಳಗೆ ಯಾರಾದರೂ ಏನಾದರೂ ಹೇಳಿದ್ದರೇ ಎಂಬ ಸಂದೇಹ ಮಾತ್ರ ನನಗೆ ಹುಟ್ಟಿರಲಿಲ್ಲ. ಅವ್ವನಿಗೂ ಹುಟ್ಟಿರಲಿಲ್ಲವೆಂಬುದು ಅವಳ ಮುಖದಿಂದ ತಿಳಿಯಿತು. ಉತ್ತರ ತೋಚದೆ ನಿಂತ ಅವ್ವನನ್ನು ನಾನು ಕಂಡದ್ದು ಅದೇ ಮೊದಲು. ಸೀಟಿ ಊದಿತು, ಬಸ್ಸು ಹೊರಟಿತು.

ಬೆಳಗಾವಿಯಲ್ಲಿ ಕಾದಿದ್ದ ಸೋದರಮಾವ ನನ್ನನ್ನು ಮಂಗಳೂರಿಗೆ ಮುಟ್ಟಿಸಿದನು. ಮುಂದಿನದೆಲ್ಲ ಹಾಸ್ಟೆಲಿನ ಗಂಟೆ, ಕುಚ್ಚಲಕ್ಕಿಯ ಅನ್ನ, ಪರೀಕ್ಷೆ; ವಿಶೇಷವೇನಿಲ್ಲ. ಆದರೆ ಕೆಲದಿನಗಳಲ್ಲೇ ಅಣ್ಣನಿಂದ ಅತಿ ಕ್ರುದ್ಧವಾದ ಪತ್ರವೊಂದು ಬಂದಿತು. ಅವ್ವ ಅವನಿಗೆ ಮೂರು ಹಾಳೆ ಎರಡೂ ಮಗ್ಗುಲು ಬರೆದಿದ್ದಳಂತೆ: ದಾರಿಯಲ್ಲಿ ನಡೆವಾಗ ದೃಷ್ಟಿ ನೆಲದ ಮೇಲಿರಬೇಕು, ಹೆಣ್ಣುಮಕ್ಕಳಿದ್ದಲ್ಲಿ ಹಲ್ಕಿರಿಯಕೂಡದು, ಸಂಜೆಯ ಜಪಸರ ತಪ್ಪಕೂಡದು, ದಿನಕ್ಕೊಮ್ಮೆಯಾದರೂ ಅಲೆಸ್ಸಾಂದ್ರೊನ ಗತಿಯನ್ನು ನೆನೆಯಬೇಕು. "ನೀನು ಅವ್ವನಿಗೆ ಏನು ಹೇಳಿದೆ? ಯಾರಿವನು ಅಲೆಸ್ಸಾಂದ್ರೊ? ನನಗೂ ಅವನಿಗೂ ಏನು ಸಂಬಂಧ?" ಎಂದು ಕೇಳಿದ್ದನು.

ನಾನು ಒಂದು ಕಾರ್ಡು ಬರೆದು ಹಾಕಿದೆ: "ಇಂಡಿಯ ಕಡೆಯವನು. ದೂರದ ಬಂಧುವಾಗಬೇಕು."