ಮೂತ್ರ ಮೀಮಾಂಸೆ: ಭಟ್ಕಳ–ಹೊನ್ನಾವರ–ಕುಮಟಾ ಪರಿಪ್ರೇಕ್ಷ್ಯದಲ್ಲಿ ಕ್ರೀಡಾ ಪ್ರಾಮಾಣಿಕತೆ

ಪ್ರಸ್ತುತ ಪ್ರಬಂಧವು ಕ್ರೀಡಾ ಪ್ರಾಮಾಣಿಕತೆ ಎಂಬ ಪರಿಕಲ್ಪನೆಯನ್ನು ಅಂತರ್‌ಶಿಸ್ತೀಯ, ಬಹುಆಯಾಮಿ ಹಾಗೂ ಬಡ್ತಿಗೆ ಅರ್ಹವಾದ ನೆಲೆಯಲ್ಲಿ ಮುಖಾಮುಖಿಯಾಗಿಸುವ ವಿನಮ್ರ ಯತ್ನ. ಅಧ್ಯಯನದ ವ್ಯಾಪ್ತಿ: ದಕ್ಷಿಣಕ್ಕೆ ಭಟ್ಕಳ, ಉತ್ತರಕ್ಕೆ ಕುಮಟಾ, ನಡುವೆ ಹೊನ್ನಾವರ. ಪಶ್ಚಿಮಕ್ಕೆ ಸಮುದ್ರವಿರುವುದರಿಂದ ಆ ದಿಕ್ಕನ್ನು ಮುಂದಿನ ಸಂಶೋಧಕರಿಗೆ ಬಿಡಲಾಗಿದೆ.

ಸೈದ್ಧಾಂತಿಕ ಚೌಕಟ್ಟು. ಪ್ರಾಚೀನರು ಸತ್ಯವನ್ನು ಬೆಂಕಿಯಲ್ಲಿ ಪರೀಕ್ಷಿಸಿದರು; ನಾವು 90 ಮಿಲಿಲೀಟರ್ ಮೂತ್ರದಲ್ಲಿ. ಕ್ರೀಡಾಪಟು ಅಷ್ಟನ್ನು ಅಧಿಕಾರಿಯ ಕಣ್ಣೆದುರೇ ಹೊಯ್ದು, ‘ಎ’, ‘ಬಿ’ ಎಂಬ ಎರಡು ಬಾಟಲಿಗೆ ತಾನೇ ಹಂಚಬೇಕು. ‘ಎ’ ಬೈದರೆ ‘ಬಿ’ಗೆ ಮೊರೆ ಹೋಗಬಹುದು. ಸೂತ್ರಯುಗದಿಂದ ಮೂತ್ರಯುಗಕ್ಕಾದ ಈ ಜ್ಞಾನಮೀಮಾಂಸಕ ಪಲ್ಲಟವನ್ನು ಪ್ರಬಂಧಕಾರನು ‘ಬಾಟಲಿ ದ್ವೈತ’ ಎಂದು ಕರೆಯಬಯಸುತ್ತಾನೆ. ಬೇರೆಯವರು ಕರೆದರೆ ಅನುಮತಿ ಪಡೆಯತಕ್ಕದ್ದು.

ವರ್ಗೀಕರಣ. ಡೋಪಿಂಗ್ ಏಳು ಬಗೆ. ಮೊದಲನೆಯದು ರಾಸಾಯನಿಕ, ಎಲ್ಲರಿಗೂ ಗೊತ್ತು. ಎರಡನೆಯದು ಭೌಗೋಳಿಕ, ಇದರಲ್ಲಿ ನಮ್ಮ ಕರಾವಳಿಯ ಕೊಡುಗೆ ದೊಡ್ಡದು. ಹೊನಲು ಬೆಳಕಿನ ಕಬಡ್ಡಿ ಪಂದ್ಯಾವಳಿಯ ಬ್ಯಾನರಿನಲ್ಲಿ ‘ತಾಲೂಕಿನ ಆಟಗಾರರಿಗೆ ಮಾತ್ರ’ ಎಂದಿರುತ್ತದೆ. ಮಧ್ಯರಾತ್ರಿ ದಾಟಿದ ಮೇಲೆ ಮೈಕಿನವ, ‘ನಮ್ಮೂರ ಹುಲಿ, ಅಂಗಿ ನಂಬರ್ ಏಳು!’ ಎಂದು ಗಂಟಲು ಹರಿದುಕೊಳ್ಳುತ್ತಾನೆ. ನಮ್ಮೂರ ಹುಲಿ ಶೂ ದಾರ ಕಟ್ಟುತ್ತಾ ಕೂತೇ ಇರುತ್ತದೆ. ‘ಏಯ್, ನಿನ್ನೇ ಕರೀತಿದ್ರು ಮಾರಾಯಾ’ ಎಂದು ಪಕ್ಕದವ ತಿವಿದರೆ, ‘ಕ್ಯಾ ಹುವಾ ಭಾಯ್?’ ಎನ್ನುತ್ತದೆ. ಮೂರನೆಯದು ದಾಖಲಾತ್ಮಕ: ಹದಿನಾಲ್ಕರೊಳಗಿನವರ ವಿಭಾಗಕ್ಕೆ ಮೀಸೆ ಬೋಳಿಸಿಕೊಂಡು ಬರುವುದು. ನಾಲ್ಕನೆಯದು ವಾಚಿಕ: ‘ಸೋಲು–ಗೆಲುವು ಮುಖ್ಯವಲ್ಲ’ ಎಂದು ಉದ್ಘಾಟಕರು ಮುಕ್ಕಾಲು ಗಂಟೆ ಬಿಸಿಲಲ್ಲಿ ಮಕ್ಕಳನ್ನು ನಿಲ್ಲಿಸಿ ಹೇಳುವುದು. ಉಳಿದ ಮೂರು, ಸಂಖ್ಯೆ ಏಳಿದ್ದರೆ ಗಾಂಭೀರ್ಯ ಎಂದು ಸೇರಿಸಿದ್ದು. ಬಿಡಿ.

ಪೂರ್ವಾಧ್ಯಯನ ಸಮೀಕ್ಷೆ. 2023ರ ಸೆಪ್ಟೆಂಬರಿನಲ್ಲಿ ದೆಹಲಿ ರಾಜ್ಯ ಅಥ್ಲೆಟಿಕ್ಸ್‌ಗೆ ಉದ್ದೀಪನ ತಪಾಸಣೆಯವರು ಬಂದದ್ದೇ ತಡ, ಪುರುಷರ ನೂರು ಮೀಟರ್ ಫೈನಲ್ಲಿಗೆ ಉಳಿದವನು ಒಬ್ಬನೇ. ಅವನೊಬ್ಬನೇ ಓಡಿದ, ಅವನೇ ಗೆದ್ದ. ಸ್ಪರ್ಧೆಯ ಅನುಪಸ್ಥಿತಿಯೇ ಪ್ರಾಮಾಣಿಕತೆಯ ಉಪಸ್ಥಿತಿ ಎಂದು ಇದರಿಂದ ಸಿದ್ಧವಾಗುತ್ತದೆ. ಅದೇ ವರ್ಷ ದೇಶದಲ್ಲಿ ಪರೀಕ್ಷಿಸಿದ 5,606 ಮಾದರಿಗಳಲ್ಲಿ 213 ಸಿಕ್ಕಿಬಿದ್ದವು. ಅಷ್ಟು ಪರೀಕ್ಷೆ ನಡೆಸುವ ದೇಶಗಳ ಸಾಲಿನಲ್ಲಿ ಈ ಪ್ರಮಾಣಕ್ಕೆ ಮೊದಲ ಸ್ಥಾನ. ಪದಕಪಟ್ಟಿಯಲ್ಲಿ ಸಿಗದದ್ದು ಇಲ್ಲಿ ಸಿಕ್ಕಿತು.

ಪ್ರಕರಣಾಧ್ಯಯನ. ಭಟ್ಕಳ ದಾಟಿ ಶಿರೂರು ಹೊಕ್ಕರೆ ಉಡುಪಿ ಜಿಲ್ಲೆ. ಅಲ್ಲಿನ ಸಿದ್ದಾಪುರದ (ಘಟ್ಟದ ಮೇಲಿನ ನಮ್ಮ ಸಿದ್ದಾಪುರವಲ್ಲ) ಹತ್ತಿರದ ಜನ್ಸಾಲೆಯ ಅಶ್ವಿನಿ ಅಕ್ಕುಂಜಿ 2010ರಲ್ಲಿ ದೆಹಲಿ ಕಾಮನ್‌ವೆಲ್ತ್‌ನಲ್ಲಿ 4x400 ರಿಲೇ ಚಿನ್ನ, ಗುವಾಂಗ್‌ಝೌ ಏಷ್ಯನ್ ಕ್ರೀಡಾಕೂಟದಲ್ಲಿ ರಿಲೇ ಜೊತೆ 400 ಮೀಟರ್ ಹರ್ಡಲ್ಸ್ ಚಿನ್ನ ತಂದರು. 2011ರಲ್ಲಿ ಅವರ ಹಾಗೂ ಕೆಲವು ಜೊತೆ ಓಟಗಾರ್ತಿಯರ ಮಾದರಿಯಲ್ಲಿ ಸ್ಟೆರಾಯ್ಡ್ ಸಿಕ್ಕಿತು. ಉಕ್ರೇನಿನ ಕೋಚ್ ಯೂರಿ ಒಗೊರೊದ್ನಿಕ್ ಚೀನಾದಿಂದ ತಂದು ಕೊಟ್ಟ ಜಿನ್ಸೆಂಗ್ ನುಂಗಿದೆವು ಎಂದರು ಓಟಗಾರ್ತಿಯರು. ಕೋಚ್ ವಜಾ ಆದರು. ನಮ್ಮ ಶಿಸ್ತು ಸಮಿತಿ ಓಟಗಾರ್ತಿಯರಿಗೆ ಒಂದು ವರ್ಷ ನಿಷೇಧ ಹಾಕಿದರೆ, ಮರುವರ್ಷ ಲೊಸಾನ್‌ನ ಕ್ರೀಡಾ ನ್ಯಾಯಮಂಡಳಿ ಅದನ್ನು ಎರಡು ಮಾಡಿತು. ಲಂಡನ್ ಒಲಿಂಪಿಕ್ಸ್ ಹೋಯಿತು.

ಹೊಟ್ಟೆಗೆ ಹೋದದ್ದಕ್ಕೆ ತಿಂದವರೇ ಹೊಣೆ ಎಂಬ ನಿಯಮ ಬೇಕು. ಇಲ್ಲದಿದ್ದರೆ ಸಿಕ್ಕಿಬಿದ್ದವರೆಲ್ಲ ಜಿನ್ಸೆಂಗ್ ಪುರಾಣವನ್ನೇ ಓದುತ್ತಾರೆ. ಆ ಹುಡುಗಿಯರಿಗೆ ಏನೂ ಗೊತ್ತಿರಲಿಲ್ಲ ಎಂದು ಪ್ರಮಾಣ ಮಾಡಲು ನಾನು ಬಂದಿಲ್ಲ. ಆದರೆ ಶಿಬಿರ ನಡೆಸಿದವರು, ಕೋಚನ್ನು ತಂದವರು, ಪದಕ ಬಂದ ದಿನ ಫೋಟೊಗೆ ಮುಂದಿನ ಸಾಲಲ್ಲಿ ನಿಂತವರು, ಇವರಲ್ಲಿ ಯಾರೂ ಬಾಟಲಿ ಹಿಡಿದು ನಿಲ್ಲಲಿಲ್ಲವಲ್ಲ! ಅವರ ರಕ್ತದಲ್ಲಿ ಏನಿತ್ತು ಎಂದು ನೋಡುವ ಲ್ಯಾಬು ಎಲ್ಲಿದೆ? ನೀತಿಯ ಭಾಷಣವೆಲ್ಲ ಓಡುವವರಿಗೆ. ಓಡಿಸುವವರಿಗೆ ಶಾಲು, ಹಾರ, ಹಣ್ಣಿನ ಬುಟ್ಟಿ.

ನಾಳೆ ಹೊನ್ನಾವರದ ಹುಡುಗಿಯೊಬ್ಬಳು ಜಿಲ್ಲಾ ಮಟ್ಟದಲ್ಲಿ ಗೆದ್ದು ಕ್ರೀಡಾ ಹಾಸ್ಟೆಲ್ ಸೇರುತ್ತಾಳೆ. ‘ವಿಟಮಿನ್, ಕುಡಿ’ ಎಂದು ಸರ್ ಲೋಟ ಕೊಟ್ಟರೆ, ‘ಡಬ್ಬಿ ತೋರ್ಸಿ ಸರ್’ ಎನ್ನಬೇಕೆಂದು ಅವಳಿಗೆ ಯಾರು ಹೇಳಿದ್ದಾರೆ? ಸರ್ ಕೊಟ್ಟದ್ದನ್ನು ಎರಡು ಕೈಯಲ್ಲಿ ತೆಗೆದುಕೊಳ್ಳಲು ಮಾತ್ರ ಮನೆಯಲ್ಲೂ ಶಾಲೆಯಲ್ಲೂ ಚೆನ್ನಾಗಿ ಕಲಿಸಿದ್ದೇವೆ. ಆ ಡಬ್ಬಿಯ ಮೇಲಿನದ್ದನ್ನು ಓದಿ ಬಿಡಿಸಿ ಹೇಳಬಲ್ಲವನು ಪೇಟೆಯ ಔಷಧಿ ಅಂಗಡಿಯವನು. ಪಿಎಚ್‌ಡಿ ಇಲ್ಲದ ಕಾರಣ ಪ್ರಸ್ತುತ ಅಧ್ಯಯನದಲ್ಲಿ ಅವನನ್ನು ಪರಿಗಣಿಸಿಲ್ಲ.