ರಯಟ್, ರಯತ ಮತ್ತು ಮಧುವನ

ಇಂಗ್ಲಿಷಿನ ‘ರಯಟ್’ ಎಂಬ ಪದಕ್ಕೆ ದೊಂಬಿ, ಗಲಭೆ, ದಂಗೆ ಎಂದು ಅರ್ಥ ಹೇಳುವುದು ವಾಡಿಕೆಯಾದರೂ, ಬಳ್ಳಾರಿ ಸೀಮೆಯಲ್ಲಿ ಆ ಉಚ್ಚಾರಕ್ಕೆ ಇನ್ನೊಬ್ಬ ವಾರಸುದಾರನಿದ್ದನು. ನಿಜಾಮನು 1800ರಲ್ಲಿ ಕಂಪನಿಗೆ ಬಿಟ್ಟುಕೊಟ್ಟ ಹೊಸಪೇಟೆ, ಕಂಪ್ಲಿಗಳ ಸೀಮೆಗೆ ಕಲೆಕ್ಟರಾಗಿ ಬಂದ ಥಾಮಸ್ ಮನ್ರೋ, ಸಾಗುವಳಿದಾರನಿಂದಲೇ ನೇರವಾಗಿ ಕಂದಾಯ ಪಡೆಯುವ ರಯತವಾರಿ ಪದ್ಧತಿಯ ದೊಡ್ಡ ಪ್ರತಿಪಾದಕ. ಅರಬ್ಬಿ ಮೂಲದ ಆ ‘ರಯತ’ ಇಂಗ್ಲಿಷರ ಕಾಗದದಲ್ಲಿ ಬೇರೆ ಕಾಗುಣಿತ ಪಡೆದರೂ ಅವರ ನಾಲಿಗೆಯಲ್ಲಿ ದೊಂಬಿಯಂತೆಯೇ ಹೊರಳುತ್ತಿದ್ದುದರಿಂದ, ಕಂಪ್ಲಿಯ ತುಂಬ ರೈತರಿದ್ದಾರೆ ಎಂದು ಒಬ್ಬ ದೊರೆ ವರದಿ ಮಾಡಿದರೆ ಇನ್ನೊಬ್ಬ ದೊರೆ ಕುದುರೆಗೆ ಜೀನು ಬಿಗಿಯಲು ಅವಕಾಶವಿತ್ತು. ಘೋರ್ಪಡೆಯವರ ಸಂಸ್ಥಾನವಾಗಿದ್ದ ಸಂಡೂರಿಗೆ ಈ ಭಯ ಕಡಿಮೆ.

ಹಳೆಯ ಫ್ರೆಂಚಿನಲ್ಲಿ ಜಗಳವೆಂದಿದ್ದ ‘ರಯಟ್’ ಪದ ಇಂಗ್ಲಿಷಿನಲ್ಲಿ ಅಂಕೆಯಿಲ್ಲದ ತಿಂದು ಕುಡಿದ ಮೋಜಿಗೂ, ಬೇಟೆನಾಯಿ ತನ್ನ ಜಾಡು ಬಿಟ್ಟು ಬೇರೆ ಪ್ರಾಣಿಯ ವಾಸನೆ ಹಿಡಿದು ಓಡುವುದಕ್ಕೂ ಸಂದಿತು. ಕೊನೆಗೆ ಬಣ್ಣಗಳ ಸಮೃದ್ಧಿಗೂ ಅಂಟಿಕೊಂಡಿತು. ಕನ್ನಡಕ್ಕೆ ಈ ಧಾರಾಳ ಒಗ್ಗದು. ಸಂಡೂರಿನ ಲಂಬಾಣಿ ಕಸೂತಿಯಲ್ಲಿ ಬಣ್ಣಗಳ ದೊಂಬಿ ನಡೆದಿದೆ ಎಂದು ಅನುವಾದಿಸಿದರೆ, ಓದುಗನು ಕುಪ್ಪಸದ ಬದಲು ಲಾಠಿಯನ್ನು ನೆನೆಯುತ್ತಾನೆ. ಅಲ್ಲಿಗೆ ‘ಓಕುಳಿ’ಯೇ ತಕ್ಕ ಮಾತು.

ಕಾನೂನಿನಲ್ಲಂತೂ ಇದು ಲೆಕ್ಕದ ವಿಷಯ. ಬ್ರಿಟನ್ನಿನ 1714ರ ಕಾಯ್ದೆಯ ಪ್ರಕಾರ ಹನ್ನೆರಡು ಮಂದಿ ಗದ್ದಲವೆಬ್ಬಿಸುತ್ತ ನೆರೆದರೆ ಅಧಿಕಾರಿಯು ಘೋಷಣೆಯನ್ನು ಓದಿ ಹೇಳಿ, ಚದುರಲು ಒಂದು ಗಂಟೆ ಕೊಡಬೇಕಿತ್ತು. ಭಾರತದ 1860ರ ದಂಡಸಂಹಿತೆಗೆ ಐವರೇ ಸಾಕಾದರು, ಇಲ್ಲಿಯವರ ಗಂಟಲಿನ ಅಂದಾಜು ಅದನ್ನು ಬರೆದವರಿಗಿದ್ದಿರಬೇಕು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 191ನೆಯ ಕಲಮೂ ಆ ಐದನ್ನು ಉಳಿಸಿಕೊಂಡಿದೆ: ಐವರು ಅಥವಾ ಹೆಚ್ಚು ಮಂದಿಯ ಅಕ್ರಮ ಕೂಟವು ಸಮಾನ ಉದ್ದೇಶಕ್ಕಾಗಿ ಬಲಪ್ರಯೋಗ ಮಾಡಿದರೆ ಅದು ದೊಂಬಿ. ಹೊಸಪೇಟೆಯ ನಿಲ್ದಾಣದಲ್ಲಿ ಕಂಪ್ಲಿಯ ಬಸ್ಸು ಬಂದು ನಿಲ್ಲುವ ಮೊದಲೇ ಕಿಟಕಿಯಿಂದ ಟವೆಲು ತೂರಿ ಸೀಟು ಹಿಡಿಯುವವರು ಐವತ್ತು ಮಂದಿಯಿದ್ದರೂ ದೊಂಬಿಯಾಗದು; ಒಬ್ಬೊಬ್ಬನಿಗೂ ತನ್ನ ಸೀಟೇ ಉದ್ದೇಶವಾದ್ದರಿಂದ ಅಲ್ಲಿ ಉದ್ದೇಶ ಒಂದೇ ಬಗೆಯದಾದರೂ ಸಮಾನವಲ್ಲ. ಕನ್ನಡವು ಅದನ್ನು ‘ಗಲಾಟೆ’ ಎಂದು ಮುಗಿಸುತ್ತದೆ. ಮಕ್ಕಳ ಆಟದಿಂದ ಕಲ್ಲುತೂರಾಟದವರೆಗೆ ದುಡಿಯುವ ಈ ಪದವೊಂದೇ ರಯಟ್ಟಿಗೆ ಸರಿಜೋಡಿ.

ಮೋಜು ಮತ್ತು ಧ್ವಂಸವೆಂಬ ಎರಡೂ ಅರ್ಥ ಒಂದೇ ಕಡೆ ಕೂಡಿದ್ದನ್ನು ನೋಡಬೇಕಾದರೆ ಕಿಷ್ಕಿಂಧೆಯನ್ನೇ ನೆನೆಯಬೇಕು. ಹಂಪಿ, ಆನೆಗೊಂದಿಗಳ ಬಂಡೆಬೆಟ್ಟಗಳೇ ಅದೆಂಬುದು ಪರಂಪರೆಯ ನಂಬಿಕೆ. ವಾಲ್ಮೀಕಿ ರಾಮಾಯಣದ ಸುಂದರಕಾಂಡದಲ್ಲಿ, ಸೀತೆಯ ಸುದ್ದಿ ತಂದ ಕಪಿಗಳು ಅಂಗದನ ಅಪ್ಪಣೆ ಪಡೆದು ಸುಗ್ರೀವನ ಮಧುವನಕ್ಕೆ ನುಗ್ಗಿ, ಜೇನು ಕುಡಿದು, ಮರ ಮುರಿದು, ಕಾವಲಿನ ದಧಿಮುಖನನ್ನು ಥಳಿಸುತ್ತವೆ. ಅವನು ದೂರು ಒಯ್ದರೆ, ಕೆಲಸ ಕೈಗೂಡದೆ ಇವು ಇಷ್ಟು ಮೆರೆಯಲಾರವು ಎಂದು ಸುಗ್ರೀವನು ಸಂತೋಷಪಡುತ್ತಾನೆ. ಕಲಮು ಹೇಳುವ ಸಂಖ್ಯೆ, ಸಮಾನ ಉದ್ದೇಶ, ಬಲಪ್ರಯೋಗ ಎಲ್ಲವೂ ಅಲ್ಲಿದ್ದವು. ಆದರೆ ಕಾನೂನಿನ ‘ವ್ಯಕ್ತಿ’ಗಳಲ್ಲಿ ಕಪಿಗಳು ಸೇರುವುದಿಲ್ಲ. ಆದ್ದರಿಂದ ಹಂಪಿಯ ವಿರೂಪಾಕ್ಷನ ಗುಡಿಗೆ ಹೋಗುವವರು ಬಾಳೆಹಣ್ಣನ್ನು ಕೈಯಲ್ಲಿ ಹಿಡಿಯದೆ ಚೀಲದೊಳಗೆ ಇಟ್ಟುಕೊಳ್ಳುವುದು ಲೇಸು.