ಎಮ್ಮೀನ ಮ್ಯೂಟ್ ಮಾಡ್ರಿ

ಖಾಸಗಿ ಎಂಬ ಶಬ್ದವನ್ನು ನಮ್ಮ ಕಡೆಯವರು ಬಹಳ ಧಾರಾಳವಾಗಿ ಬಳಸುತ್ತಾರೆ. ಚಿಕ್ಕೋಡಿಯ ಬಸ್ ಸ್ಟ್ಯಾಂಡಿನಲ್ಲಿ ಹತ್ತು ಮಂದಿಗೆ ಕೇಳುವ ಹಾಗೆ "ಅಕ್ಕಾರ, ಸ್ವಲ್ಪ ಖಾಸಗಿ ಮಾತಾಡೂದೈತ್ರಿ" ಎಂದು ಕೂಗಿ, ಆ ಹತ್ತೂ ಮಂದಿ ಹತ್ತಿರ ಬಂದ ಮೇಲೆ ಮಾತು ಶುರು ಮಾಡುವವರು ನಾವು. ನಿವೃತ್ತಿಯ ಮರುವರ್ಷ ಐದನೆಯ ತರಗತಿಯ ಮಕ್ಕಳಿಗೆ ಮೊಬೈಲಿನಲ್ಲೇ ಖಾಸಗಿ ಕ್ಲಾಸು ತೆಗೆಯುತ್ತೇನೆ ಎಂದು ಹೇಳುವಾಗ ಈ ಸಂಗತಿ ನನ್ನ ನೆನಪಿನಲ್ಲಿರಬೇಕಿತ್ತು.

ಕಾರಣ ನವೋದಯ. ನಮ್ಮ ಜಿಲ್ಲೆಯ ಜವಾಹರ ನವೋದಯ ವಿದ್ಯಾಲಯ ಇರುವುದು ಚಿಕ್ಕೋಡಿ ತಾಲೂಕಿನ ಕೋಥಳಿಯಲ್ಲಿ. ಆರನೆಯ ತರಗತಿಗೆ ಹೆಚ್ಚೆಂದರೆ 80 ಸೀಟು. ಪರೀಕ್ಷೆಯಲ್ಲೂ 80 ಪ್ರಶ್ನೆ, ಎರಡು ತಾಸು. ಐದನೆಯ ತರಗತಿಯ ಮಗುವಿರುವ ಮನೆಗೆ ನಮ್ಮಲ್ಲಿ ಆ ವರ್ಷ ಬೇರೆ ಮಾತೇ ಇರುವುದಿಲ್ಲ. ಮೊದಲು ಫೋನು ಮಾಡಿದವಳು ಅಥಣಿಗೆ ಕೊಟ್ಟ ತಂಗಿ, ಅವಳ ಮೊಮ್ಮಗನಿಗಾಗಿ. ಅವಳಿಂದ ಸುದ್ದಿ ರಾಯಬಾಗಕ್ಕೆ ಕೊಟ್ಟ ಸೋದರತ್ತೆಯ ಮಗಳಿಗೆ ಹೋಯಿತು, ಅಲ್ಲಿಂದ ನಿಪ್ಪಾಣಿಗೆ, ಅಲ್ಲಿಂದ ಕಾಗವಾಡದ ಬೀಗರಿಗೆ. ವಾರದೊಳಗೆ ಐದು ತಾಲೂಕಿನ ಆರು ಹುಡುಗರು ಕೂಡಿದರು. ಗ್ರೂಪಿನ ಪಟ್ಟಿ ನೋಡಿದರೆ ವಿದ್ಯಾರ್ಥಿಗಳ ಹಾಜರಿಯೋ, ನಮ್ಮ ಮನೆತನದ ಹೆಣ್ಣುಮಕ್ಕಳನ್ನು ಕೊಟ್ಟ ಊರುಗಳ ಯಾದಿಯೋ ಗೊತ್ತಾಗುತ್ತಿರಲಿಲ್ಲ. ಚಿಕ್ಕೋಡಿಯನ್ನು ಜಿಲ್ಲೆ ಮಾಡಬೇಕೆಂಬ ಕೂಗು ದಶಕಗಳದ್ದು. ಶಿಕ್ಷಣ ಇಲಾಖೆಯ ಕಡತದಲ್ಲಿ ಅದು ಆಗಲೇ ಶೈಕ್ಷಣಿಕ ಜಿಲ್ಲೆ. ನನ್ನ ಮೊಬೈಲಿನಲ್ಲಿ ಅದು ಕಂದಾಯ ಜಿಲ್ಲೆಯೂ ಆಗಿಬಿಟ್ಟಿತು. ಕಂದಾಯ ಮಾತ್ರ ಬರಬೇಕಾಗಿತ್ತು.

ಸಣ್ಣ ಗುಂಪಿಗೆ ಪಾಠ ಹೇಳುವ ಈ ವಿದ್ಯೆಯನ್ನು ನಾನು ಕಲಿತದ್ದು ಕೊರೊನಾ ಕಾಲದಲ್ಲಿ. 2020ರ ಜೂನ್‌ನಲ್ಲಿ ಐದನೆಯ ತರಗತಿಯವರೆಗಿನ ಮಕ್ಕಳಿಗೆ ಆನ್‌ಲೈನ್ ಪಾಠವೇ ಬೇಡ ಎಂದಿತು ಸರ್ಕಾರ. ಜುಲೈ 8ಕ್ಕೆ ಹೈಕೋರ್ಟು ಆ ಆದೇಶಕ್ಕೆ ತಡೆ ಕೊಟ್ಟಿತು. ಬೆಂಗಳೂರಿನಲ್ಲಿ ಇದರ ಮೇಲೆ ಬಿಸಿಬಿಸಿ ಚರ್ಚೆ ನಡೆದಿರುವಾಗ ನಮ್ಮ ಸಾಲಿಯ ಹುಡುಗರ ಮನೆಗಳಲ್ಲಿದ್ದ ಸ್ಮಾರ್ಟ್ ಫೋನುಗಳನ್ನು ಕೈಬೆರಳಲ್ಲಿ ಎಣಿಸಬಹುದಿತ್ತು. ಆಗಸ್ಟ್‌ನಲ್ಲಿ ವಿದ್ಯಾಗಮ ಬಂತು. ಗುಡಿಯ ಪೌಳಿ, ಬೇವಿನ ಮರದ ಬುಡ, ಯಾರದೋ ಪಡಸಾಲೆ, ಎಲ್ಲಿ ನೆರಳೋ ಅಲ್ಲಿ ಸಾಲಿ. ಅಕ್ಟೋಬರ್‌ನಲ್ಲಿ ಅದನ್ನೂ ನಿಲ್ಲಿಸಿದರು. ಆ ಎರಡು ತಿಂಗಳು ನನಗೆ ಬಹಳ ಹಿಡಿಸಿದ್ದವು. ನಮ್ಮ ಅಜ್ಜ ಕಲಿತ ಕೂಲಿಮಠವೂ ಹಾಗೇ ಇತ್ತಂತೆ. ಒಬ್ಬ ಐಗಳು, ಒಂದು ಕಟ್ಟೆ, ಹತ್ತು ಹುಡುಗರು, ನೆಲದ ಮೇಲೆ ಉಸುಕು, ಉಸುಕಿನಲ್ಲಿ ಬೆರಳು. ಸುಗ್ಗಿಗೆ ಐಗಳಿಗೆ ಜೋಳ. ಖಾಸಗಿ ಗುಂಪು ಪಾಠವನ್ನು ಈಗಿನ ಕಂಪನಿಗಳು ಕಂಡುಹಿಡಿದವು ಎಂದು ಯಾರಾದರೂ ಹೇಳಿದರೆ ಅವರಿಗೆ ಒಂದು ಹಿಡಿ ಉಸುಕು ಕೊಡಬೇಕು.

ನನ್ನ ಮೊಬೈಲ್ ಕ್ಲಾಸಿನ ಮೊದಲ ತೊಡಕು ವೇಳೆಯದು. ಬೆಳಗ್ಗೆ ಇಡುವ ಹಾಗಿಲ್ಲ, ಹೈನದ ಕೆಲಸ. ಸಂಜೆ ಆರಕ್ಕೆ ಹಾಲು ಡೇರಿಗೆ ಹೋಗಬೇಕು, ಹಾಲಿನ ಜೊತೆ ಅಪ್ಪ, ಅಪ್ಪನ ಕಿಸೆಯಲ್ಲಿ ಫೋನು. ಎಂಟಕ್ಕೆ ಆಯಿಯ ಧಾರಾವಾಹಿ. ರಾತ್ರಿ ತ್ರೀ ಫೇಸ್ ಕರೆಂಟಿನ ಪಾಳಿ ಬಂದರೆ ಅಪ್ಪ, ಫೋನು, ಬ್ಯಾಟರಿ ಮೂರೂ ಕಬ್ಬಿನ ಗದ್ದೆಯಲ್ಲಿ. ಹೀಗೆ ಸೋಸಿ ಸೋಸಿ ಕೊನೆಗೆ ಉಳಿದದ್ದು ಏಳರಿಂದ ಏಳು ನಲವತ್ತು. ಝೂಮ್‌ನವರು ಪುಕ್ಕಟೆ ಕೊಡುವುದೂ ನಲವತ್ತೇ ನಿಮಿಷ, ನಮ್ಮ ಸಾಲಿಯ ಪಿರಿಯಡ್ಡೂ ನಲವತ್ತೇ ನಿಮಿಷ. ಅಮೆರಿಕದ ಆ ಕಂಪನಿಯಲ್ಲಿ ಕನ್ನಡ ಸಾಲಿ ಮಾಸ್ತರ ಮಗ ಯಾರೋ ಇರಬೇಕು ಎಂದು ನನ್ನ ಗುಮಾನಿ.

ಮೊದಲ ದಿನ ಹಾಜರಿ ತೆಗೆದುಕೊಂಡೆ. ಪರದೆಯ ಮೇಲೆ ಬಂದ ಹೆಸರುಗಳು: ಪಪ್ಪಾ ಜಿಯೋ, ಟ್ರ್ಯಾಕ್ಟರ್ ಮಾಮಾ, ರೆಡ್ಮಿ ನೋಟ್ 9, ಜೈ ಹನುಮಾನ್, ಹಾಲಿನ ಲೆಕ್ಕ, ಮತ್ತೊಂದು ಬರೀ ಚುಕ್ಕಿ. ಮೂವತ್ತು ವರ್ಷ ಹಾಜರಿ ಕರೆದವಳು ನಾನು. "ಟ್ರ್ಯಾಕ್ಟರ್ ಮಾಮಾ, ಏಳರ ಮಗ್ಗಿ ಹೇಳು" ಎನ್ನುವ ಕಾಲ ಬಂದೀತೆಂದು ಅಂದುಕೊಂಡಿರಲಿಲ್ಲ. ಮಗ್ಗಿ ಹೇಳುತ್ತಿದ್ದಂತೆ ನಲವತ್ತೊಂಬತ್ತರ ಹತ್ತಿರ ಜೋರಾಗಿ ಎಮ್ಮೆ ಒದರಿತು. "ಯಾರ ಮನ್ಯಾಗ ಅದು? ಎಮ್ಮೀನ ಮ್ಯೂಟ್ ಮಾಡ್ರಿ" ಎಂದೆ. ಅಥಣಿ ಕಡೆಯ ಹುಡುಗ ಫೋನು ಅಲ್ಲೇ ಇಟ್ಟು ಎದ್ದು ಹೋದ. ಎರಡು ನಿಮಿಷಕ್ಕೆ ವಾಪಸು ಬಂದು, "ಮೇವ ಹಾಕಿ ಬಂದ್ನಿರಿ, ಈಗ ಸುಮ್ನಾಗತೈತಿ" ಎಂದ. ಹೇಳಿದ ಮಾತನ್ನು ಇಷ್ಟು ಸರಿಯಾಗಿ ಅರ್ಥ ಮಾಡಿಕೊಂಡ ವಿದ್ಯಾರ್ಥಿ ನನ್ನ ಸರ್ವಿಸಿನಲ್ಲಿ ಸಿಕ್ಕಿರಲಿಲ್ಲ.

ಆಮೇಲೆ ಗೊತ್ತಾಯಿತು, ಕ್ಲಾಸಿಗೆ ಬರುವವರು ಆರು ಮಂದಿಯಲ್ಲ. ಒಬ್ಬೊಬ್ಬರ ಹಿಂದೆ ಒಂದೊಂದು ಮನೆ. ಹುಡುಗ ತಡವರಿಸಿದರೆ ಮೂಲೆಯಿಂದ ಅವನ ಅವ್ವ ಉತ್ತರ ಪಿಸುಗುಡುತ್ತಾಳೆ, ತಪ್ಪು ಉತ್ತರ. ಆಯಿ ಅದನ್ನು ತಿದ್ದುತ್ತಾಳೆ. ಕಾಕಾ ನಡುವೆ ಹಾದು ಹೋಗುವಾಗ ನನಗೆ ನಮಸ್ಕಾರ ಮಾಡಿ, ಉಳ್ಳಾಗಡ್ಡಿ ರೇಟು ಹೇಳಿ ಹೋಗುತ್ತಾನೆ. ನಿಪ್ಪಾಣಿಯ ಹುಡುಗಿಯ ಅವ್ವ ಕ್ಲಾಸು ಮುಗಿಯುವ ತನಕ ಪಕ್ಕದಲ್ಲೇ ಕೂತು ಬೀಡಿ ಸುತ್ತುತ್ತಾಳೆ, ಪರದೆಯ ತುದಿಯಲ್ಲಿ ಬರೀ ಎರಡು ಕೈ ಕಾಣುತ್ತವೆ. ಮಜೂರಿ ಸಾವಿರಕ್ಕೆ ಇಷ್ಟು ಎಂದು. ಇಪ್ಪತ್ತೈದರ ಕಟ್ಟು, ನಲವತ್ತು ಕಟ್ಟಿಗೆ ಸಾವಿರ. ಇಪ್ಪತ್ತೈದರ ಮಗ್ಗಿಯನ್ನು ಆ ಮನೆಯಲ್ಲಿ ಯಾರಿಗೂ ಕಲಿಸಬೇಕಾಗಿಲ್ಲ.

ಆ ಹುಡುಗಿಯದು ಮರಾಠಿ ಮಾಧ್ಯಮ. ಮನೆಮಾತು ಕನ್ನಡವೋ ಮರಾಠಿಯೋ ಎಂದು ಕೇಳಿದರೆ "ಎರಡೂರಿ, ಸಿಟ್ಟು ಬಂದ್ರ ಮರಾಠಿ" ಎಂದಳು. ಒಂದು ದಿನ ಅರವತ್ತೊಂಬತ್ತನ್ನು ನಾಲ್ಕರಿಂದ ಗುಣಿಸಿ ಎಂದೆ. ಉಳಿದವರು ಅರವತ್ತನ್ನು ನಾಲ್ಕು ಸಲ, ಒಂಬತ್ತನ್ನು ನಾಲ್ಕು ಸಲ ಎಂದು ಬೆರಳು ಮಡಚುತ್ತಿರುವಾಗ ಇವಳು ಥಟ್ಟನೆ ಇನ್ನೂರಾ ಎಪ್ಪತ್ತಾರು ಎಂದಳು. ಹೇಗೆ ಎಂದರೆ, ಅವಳ ಪಾಲಿಗೆ ಅದು ಅರವತ್ತೊಂಬತ್ತು ಅಲ್ಲವೇ ಅಲ್ಲ. ಏಕೋಣಸತ್ತರ, ಅಂದರೆ ಎಪ್ಪತ್ತಕ್ಕೆ ಒಂದು ಕಡಿಮೆ. ಎಪ್ಪತ್ತು ನಾಲ್ಕಲೇ ಇನ್ನೂರೆಂಬತ್ತು, ನಾಲ್ಕು ತೆಗೆದರಾಯಿತು. ಸಂಖ್ಯೆಯ ಹೆಸರಿನಲ್ಲೇ ಲೆಕ್ಕದ ಕೀಲಿಕೈ ಇತ್ತು. ಮರುದಿನದಿಂದ ಐದು ಮಂದಿ ಕನ್ನಡ ಹುಡುಗರೂ ಕಡಿಮೆ ಮಾಡಿಯೇ ಎಣಿಸತೊಡಗಿದರು. ಗಡಿ ವಾದ ಎಂದರೆ ಪೇಪರಿನಲ್ಲಿ ಏನೇನೋ ಬರುತ್ತದೆ. ನನ್ನ ಕ್ಲಾಸಿನಲ್ಲಿ ಅದು ಒಂದು ಕೂಡಿಸಬೇಕೋ ಕಳೆಯಬೇಕೋ ಎಂಬಷ್ಟಕ್ಕೇ ನಿಂತಿತ್ತು. ಒಬ್ಬೊಬ್ಬರಿಗೇ ಬೇರೆ ಬೇರೆ ಪಾಠ ಹೇಳಿದ್ದರೆ ಇದು ಆಗುತ್ತಿರಲಿಲ್ಲ. "ನಮ್ಮ ಹುಡುಗಗ ಒಬ್ಬಗ ಹೇಳ್ರಿ, ಡಬಲ್ ಫೀ ಕೊಡ್ತೀವಿ" ಎಂದ ಶ್ರೀಮಂತ ಬೀಗರಿಗೆ ನಾನು ಆಗುವುದಿಲ್ಲ ಎಂದದ್ದು ಇದಕ್ಕೇ. ಆರಕ್ಕಿಂತ ಹೆಚ್ಚು ಮಂದಿಯೂ ಬೇಡ. ಏಳನೆಯವನ ಮುಖ ನನ್ನ ಫೋನಿನ ಪರದೆಯಲ್ಲಿ ಇರುವೆಯಷ್ಟಾಗುತ್ತದೆ.

ಕಾಗವಾಡ ತಾಲೂಕಿನ ಹುಡುಗನ ಮನೆ ಕೃಷ್ಣೆಯ ದಂಡೆಯಲ್ಲಿ. ಅವನ ಫೋನು ಆಗಾಗ ನದಿ ದಾಟಿ ಆಚೆಯ ಟವರು ಹಿಡಿಯುತ್ತದೆ, ಮಹಾರಾಷ್ಟ್ರಕ್ಕೆ ಸ್ವಾಗತ ಎಂಬ ಸಂದೇಶ ಬರುತ್ತದೆ, ಹುಡುಗ ಮಾಯ. ಆಚೆ ದಡದ ಖಿದ್ರಾಪುರದ ಕೋಪೇಶ್ವರ ಗುಡಿಯಲ್ಲಿ ಕನ್ನಡ ಶಾಸನಗಳಿವೆ. ಕಲ್ಲಿಗೆ ಕನ್ನಡ ಬರುತ್ತದೆ, ಟವರಿಗೆ ಬರುವುದಿಲ್ಲ. ರಾಯಬಾಗದ ಹುಡುಗಿ ಭಾರತ ಹುಣ್ಣಿಮೆಗೆ ಒಂದು ವಾರ ನಾಪತ್ತೆ, ಚಿಂಚಲಿ ಮಾಯಕ್ಕನ ಜಾತ್ರೆ, ಮನೆತುಂಬ ಬೀಗರು. ಏಳನೆಯ ದಿನ ಪರದೆಗೆ ಬಂದಳು, ಮುಖ ಹಳದಿ, ಹಣೆ ಹಳದಿ, ಫೋನಿನ ಗಾಜಿಗೂ ಭಂಡಾರ. ನನಗೆ ಆ ದಿನ ಇಡೀ ಕ್ಲಾಸು ಕಾಮಾಲೆಯಾದವರ ಹಾಗೆ ಕಂಡಿತು.

ಪುಸ್ತಕದ ಲೆಕ್ಕಗಳಲ್ಲಿ ಸೇಬು, ಕಿತ್ತಳೆ ಬರುತ್ತವೆ. ನಾನು ತೆಗೆದು ಹಾಕಿದೆ. ಅಥಣಿ ಚಪ್ಪಲಿ ಹಾಕಿದೆ. ಅಲ್ಲೇ ಜಗಳ ಹತ್ತಿತು: ಅಥಣಿಯಲ್ಲಿ ಹೊಲಿದ ಚಪ್ಪಲಿಗೆ ಕೊಲ್ಹಾಪುರಿ ಎಂದು ಯಾಕೆ ಹೆಸರು? 2019ರಲ್ಲಿ ಆ ಚಪ್ಪಲಿಗೆ ಜಿಐ ಮಾನ್ಯತೆ ಕೊಡುವಾಗ ನಮ್ಮ ನಾಲ್ಕು ಜಿಲ್ಲೆ, ಅವರ ನಾಲ್ಕು ಜಿಲ್ಲೆ ಎರಡನ್ನೂ ಸೇರಿಸಿದ್ದಾರೆ ಎಂದು ಹೇಳಿ ಎಡಗಾಲು ಬಲಗಾಲು ಎರಡಕ್ಕೂ ಸಮಾಧಾನ ಮಾಡಿದೆ. ಮುಂದಿನದು ಕಬ್ಬಿನ ಲೆಕ್ಕ. ಒಂದು ಟ್ರಾಲಿಗೆ 10 ಟನ್, ಟನ್ನಿಗೆ 3,000 ರೂಪಾಯಿ, ಎರಡು ಟ್ರಾಲಿಗೆ ಎಷ್ಟು? ಕಾಗವಾಡದವನು ಕೈ ಎತ್ತಿದ. "ಕಾಗದದ ಮ್ಯಾಲ ಅರವತ್ತು ಸಾವಿರ ರೀ." ಹಂಗಂದ್ರ? "ಬಿಲ್ ಯಾವಾಗ ಬರತೈತಿ ಅಂತ ಲೆಕ್ಕದಾಗ ಕೊಟ್ಟಿಲ್ಲಲ್ರಿ." ಹಿಂದಿನಿಂದ ಅವನ ಅಪ್ಪ ಗಹಗಹಿಸಿ ನಕ್ಕದ್ದು ಐದೂ ತಾಲೂಕಿಗೆ ಕೇಳಿತು.

ಫೀ ತಿಂಗಳಿಗೆ 300 ರೂಪಾಯಿ ಇಟ್ಟಿದ್ದೆ. ರೊಕ್ಕದ ಆಸೆಗಲ್ಲ ಎಂದರೆ ಸುಳ್ಳಾಗುತ್ತದೆ. ಪುಕ್ಕಟೆಯಾದರೆ ನಮ್ಮವರು ಲಿಂಕನ್ನೂ ಒತ್ತುವುದಿಲ್ಲ ಎಂಬುದು ದೊಡ್ಡ ಕಾರಣ. ಇಬ್ಬರು ಫೋನ್‌ಪೇ ಮಾಡುತ್ತಾರೆ. ಒಬ್ಬರು ಬಸ್ಸಿನಲ್ಲಿ ಬೆಲ್ಲದ ಪೆಂಟೆ ಕಳಿಸಿದರು. ಅಥಣಿ ತಂಗಿ ಒಂದು ಜೋಡು ಚಪ್ಪಲಿ ಕೊಟ್ಟು, ಇದು ವರ್ಷದ್ದು ಎಂದಳು. ಅಜ್ಜನ ಕಾಲದ ಐಗಳು ಜೋಳ ಅಳೆಸಿಕೊಂಡಂತೆ ನಾನೂ ಬೆಲ್ಲ ತೂಗಿಸಿಕೊಂಡೆ. ಚಪ್ಪಲಿ ಮಾತ್ರ ಒಂದು ನಂಬರು ಸಣ್ಣದು.

ನನ್ನನ್ನು ಕಾಡಿದ್ದು ರಾಯಬಾಗದ ಹುಡುಗಿಯ ಒಂದು ಪ್ರಶ್ನೆ. "ಅಕ್ಕಾರ, ಪಾಸಾಗಿ ಕೋಥಳಿಗೆ ಹ್ವಾದ್ರ ಅಲ್ಲಿ ನಮ್ಮ ಕೈಯಾಗ ಮೊಬೈಲ್ ಕೊಡ್ತಾರೇನ್ರಿ?" ಕೊಡುವುದಿಲ್ಲ ಎಂದೆ. ನವೋದಯದಲ್ಲಿ ಮಕ್ಕಳ ಹತ್ತಿರ ಮೊಬೈಲು ಇರುವ ಹಾಗಿಲ್ಲ. ಮೊಬೈಲು ಸಿಗದ ಸಾಲಿಗೆ ಸೇರಿಸಲು ಮಗುವಿನ ಕೈಗೆ ಮೊಬೈಲು ಕೊಟ್ಟು ಕೂರಿಸಿದ್ದೇವೆ ಎಂದು ನನಗೆ ಹೊಳೆದದ್ದು ಅವಾಗಲೇ. ಅವಳು ಸ್ವಲ್ಪ ಹೊತ್ತು ಯೋಚಿಸಿ, "ಹಂಗಾರ ಅಪ್ಪಗ ಚಲೋ ಆತ ಬಿಡ್ರಿ" ಎಂದಳು.

ಅಪ್ಪನ ಕಷ್ಟ ಅವಳಿಗೆ ಗೊತ್ತು. ಆ ನಲವತ್ತು ನಿಮಿಷ ಆರು ಮನೆಗಳ ಗಂಡಸರು ಫೋನಿಲ್ಲದೆ ಅಂಗಳದಲ್ಲಿ ಅತ್ತಿತ್ತ ಅಡ್ಡಾಡುತ್ತಿರುತ್ತಾರೆ. ಅಷ್ಟರಲ್ಲಿ ಯಾರೋ ನೆಂಟರ ಫೋನು ಬರುತ್ತದೆ, ಪರದೆ ಕಪ್ಪಾಗುತ್ತದೆ, ಟ್ರ್ಯಾಕ್ಟರ್ ಮಾಮಾ ಅರ್ಧ ಭಾಗಾಕಾರದಲ್ಲೇ ಕಾಣೆಯಾಗುತ್ತಾನೆ. ಮರಳಿ ಬರುವುದರೊಳಗೆ ಶೇಷ ಉಳಿದಿರುತ್ತದೆ, ವೇಳೆ ಉಳಿದಿರುವುದಿಲ್ಲ. ಆದ್ದರಿಂದ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡದಲ್ಲಿ ನಿಮಗೆ ಬೀಗರು ನೆಂಟರು ಯಾರಾದರೂ ಇದ್ದರೆ ಕೈಮುಗಿದು ಕೇಳುತ್ತೇನೆ: ಪರೀಕ್ಷೆ ಮುಗಿಯುವ ತನಕ ಸಂಜೆ ಏಳರಿಂದ ಏಳು ನಲವತ್ತರವರೆಗೆ ಅವರಿಗೆ ಫೋನು ಮಾಡಬೇಡಿ.